ನನ್ನ ಗಂಡಭೇರುಂಡದಲ್ಲಿ ಕಾವು ಕೂತ ಕೋಳಿಯಮ್ಮನವರಿಗೆ

ಸನ್ನಿಧಾನಕ್ಕೆ: ಬೋಳುಕತ್ತಿನ ಕೋಳಿಯಮ್ಮನವರು
ಹಾಲಿ ವಾಸ: ಅಂಗಾರಕ ಗ್ರಹದ ಯುದ್ಧವಾಹನ 'ಗಂಡಭೇರುಂಡ', ಸೈನಿಕರ ಕೋಣೆ, ನಮ್ಮ ಹಳೇ ಕೊಟ್ಟಿಗೆಯ ಈಶಾನ್ಯ ಮೂಲೆ, ಬೂದಿಗೆರೆ

ಮಾನ್ಯರೇ, ಹತ್ತು ಮಕ್ಕಳ ಮಹಾತಾಯಿಯವರೇ,

ಮುಂದೆ ಮೂರು ಹಿಂದೆ ಒಂದರಂತೆ ಎರಡೂ ಪಾದಗಳಲ್ಲಿ ತಾವು ಧರಿಸಿರುವ ಒಟ್ಟು ಎಂಟು ಬೆರಳುಗಳಿಗೂ ಈ ಬಡಪಾಯಿಯ ನಮಸ್ಕಾರಗಳು ಮೊದಲಿಗೆ ಸಲ್ಲುತ್ತವೆ. ತಾವೂ ತಮ್ಮ ಮರಿಗಳೂ ಕ್ಷೇಮವೆಂಬುದನ್ನು ದಿನಕ್ಕೆ ನಾಲ್ಕು ಬಾರಿ ಕೊಟ್ಟಿಗೆಯ ಕಿಟಕಿಯಿಂದ ಇಣುಕಿ ಖಚಿತಪಡಿಸಿಕೊಂಡಿದ್ದೇನೆ. ನನ್ನ ಕ್ಷೇಮವನ್ನು ತಾವು ವಿಚಾರಿಸುವ ಪದ್ಧತಿ ಇಲ್ಲವಾದ್ದರಿಂದ ನಾನೇ ಹೇಳಿಬಿಡುತ್ತೇನೆ: ಬಲಗೈ ಹೆಬ್ಬೆರಳಿಗೆ ಪಟ್ಟಿ ಕಟ್ಟಿದೆ, ಕುಕ್ಕಿದವರು ಯಾರೆಂದು ತಮಗೆ ನೆನಪಿಸಬೇಕಾಗಿಲ್ಲ. ಎಡಗೈಯಲ್ಲಿ ಬರೆಯುತ್ತಿರುವುದರಿಂದ ಅಕ್ಷರಗಳು ಕಾಗೆಕಾಲು ಗುಬ್ಬಿಕಾಲಿನಂತಿದ್ದರೆ ಮನ್ನಿಸಬೇಕು. ಕೋಳಿಕಾಲು ಎಂದು ಬರೆಯುವಷ್ಟು ಧೈರ್ಯ ನನಗೆ ಉಳಿದಿಲ್ಲ. ತಾವು ಓದುವುದಿಲ್ಲವೆಂದು ತಿಳಿದಿದ್ದರೂ ಇದರ ಒಂದು ಪ್ರತಿಯನ್ನು ಕೊಟ್ಟಿಗೆಯ ಬಾಗಿಲಿಗೆ ಅಂಟಿಸುತ್ತಿದ್ದೇನೆ, ಇನ್ನೊಂದನ್ನು ನಮ್ಮ ಆಟದ ಬಳಗದ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೇನೆ. ನ್ಯಾಯ ಸಿಗದಿದ್ದರೂ ನಾಲ್ಕು ಜನಕ್ಕೆ ವಿಷಯ ಗೊತ್ತಾಗಲಿ ಎಂಬುದಷ್ಟೇ ನನ್ನ ಆಸೆ.

ನಾನು ವೇಣುಗೋಪಾಲ್, ತಮಗೆ ದಿನಾ ರಾಗಿ ಎರಚುವ ಲಕ್ಷ್ಮೀದೇವಮ್ಮನವರ ಮಗ. ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಕಾರಿನ ಬಿಡಿಭಾಗಗಳನ್ನು ಅಳೆದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮಾಲನ್ನು ಹಿಂದಕ್ಕೆ ಕಳಿಸುವುದು ನನ್ನ ಉದ್ಯೋಗ. ಭಾನುವಾರಗಳಂದು ನಾನೂ ನನ್ನಂಥ ಕೆಲವರೂ ಸೇರಿ, ಬೇರೆ ಗ್ರಹಗಳ ಪುಟ್ಟ ಪುಟ್ಟ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ, ಅಳತೆ ಟೇಪು ಹಿಡಿದು ನಡೆಸಿ, ದಾಳ ಎಸೆದು ಕೊಲ್ಲುವ ಆಟ ಆಡುತ್ತೇವೆ. ಇದು ಚೌಕಾಬಾರವೇ, ಆದರೆ ಬಣ್ಣ ಬಳಿಯುವ ಕೆಲಸ ಜಾಸ್ತಿ ಎಂದು ನಮ್ಮ ತಾಯಿಯವರಿಗೆ ತಿಳಿಹೇಳಿದ್ದೇನೆ.

ಈ ಆಟದಲ್ಲಿ ದೊಡ್ಡ ಯುದ್ಧವಾಹನಗಳೂ ಇರುತ್ತವೆ. ಅವನ್ನು ಡಬ್ಬದಲ್ಲಿ ತಂದು ಜೋಡಿಸುವವರು ಒಂದು ಜಾತಿ. ಮನೆಯಲ್ಲಿ ಬಿದ್ದಿರುವ ಸಾಮಾನಿನಿಂದ ಮೊದಲಿನಿಂದ ಕೊನೆಯವರೆಗೆ ತಾವೇ ಕಟ್ಟುವವರು ಇನ್ನೊಂದು ಜಾತಿ, ನಾನು ಎರಡನೆಯವನು. ಇದಕ್ಕೆ ಸ್ಕ್ರ್ಯಾಚ್ ಬಿಲ್ಡಿಂಗ್ ಎನ್ನುತ್ತಾರೆ. ಹಾಗಂದರೇನು ಎಂದು ತಾಯಿಯವರು ಕೇಳಿದಾಗ, ಇಂಗ್ಲಿಷ್ ಬಲ್ಲವನೆಂಬ ಜಂಬದಲ್ಲಿ, ಕೆರೆದು ಕಟ್ಟುವುದು ಎಂದು ಅರ್ಥ ಹೇಳಿಬಿಟ್ಟೆ. ಅವರು ಸೊಪ್ಪು ಬಿಡಿಸುತ್ತಿದ್ದ ಕೈಯನ್ನೂ ನಿಲ್ಲಿಸದೆ, "ಕೆರೆಯೋದು ಕೋಳಿ ಕೆಲ್ಸ ಅಲ್ವೇನಪ್ಪಾ, ನಿಂಗ್ಯಾಕೆ?" ಎಂದರು. ಆ ಕ್ಷಣವೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಎಂಟು ತಿಂಗಳು, ಮಾನ್ಯರೇ. ಮೂರೂವರೆ ಅಡಿ ಉದ್ದದ ಆ ವಾಹನದ ಮೈಗೆ ಫ್ಲೆಕ್ಸ್ ಅಂಗಡಿಯವರು ಬಿಸಾಡಿದ ದಪ್ಪ ಬೋರ್ಡುಗಳನ್ನು ಕತ್ತರಿಸಿ ಹಾಕಿದೆ, ನಲವತ್ತೆಂಟು ಚಕ್ರಗಳಿಗೆ ನಲವತ್ತೆಂಟು ಸೋಡಾ ಬಾಟಲಿ ಮುಚ್ಚಳಗಳನ್ನು ಊರಿನ ಮದುವೆಗಳಲ್ಲೆಲ್ಲ ಮೇಜಿನ ಕೆಳಗೆ ಬಗ್ಗಿ ಬಗ್ಗಿ ಆರಿಸಿದೆ, ಹೊಗೆಕೊಳವೆಗೆ ಶಾಂಪೂ ಬಾಟಲಿ, ಫಿರಂಗಿಗೆ ಹನಿ ನೀರಾವರಿಯ ಪೈಪು, ಫಿರಂಗಿ ತಿರುಗುವ ಗುಮ್ಮಟಕ್ಕೆ ಮೂರು ನಕ್ಷತ್ರ ಅಚ್ಚಾದ ಒಂದು ಪಿಂಗ್‌ಪಾಂಗ್ ಚೆಂಡು. ಹೊಸಕೋಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಗೆಳೆಯ ತೌಹೀದ್ ಒಳಗೆಲ್ಲ ಪುಟ್ಟ ದೀಪಗಳನ್ನು ಕೂರಿಸಿಕೊಟ್ಟ. ಆ ಬೋರ್ಡುಗಳ ಮೇಲೆ ಯಾರೋ ಮುಖಂಡರ ಹುಟ್ಟುಹಬ್ಬದ ಜಾಹೀರಾತು ಇತ್ತಾದ್ದರಿಂದ, ಅಚ್ಚಾದ ಬದಿಯನ್ನು ಒಳಗೆ ಮಾಡಿ, ಹೊರಗೆ ಕೆಮ್ಮಣ್ಣಿನ ಬಣ್ಣ ಹೊಡೆದೆ. ಹೀಗಾಗಿ ಹೊರಗಿನಿಂದ ಅಂಗಾರಕ ಗ್ರಹವನ್ನೇ ನಡುಗಿಸುವಂತಿದ್ದ ವಾಹನದ ಒಳಗೋಡೆಯಲ್ಲಿ ತಂಪು ಕನ್ನಡಕದ ಮುಖಂಡರೊಬ್ಬರು ಕೈಮುಗಿದು ನಗುತ್ತಿದ್ದರು. ನಾಡಿನ ಹೆಮ್ಮೆಯೆಂದು ಅದಕ್ಕೆ ಗಂಡಭೇರುಂಡ ಎಂದು ಹೆಸರಿಟ್ಟೆ. ಪಕ್ಷಿಯ ಹೆಸರಿಟ್ಟಿದ್ದೇ ತಪ್ಪಾಯಿತೇನೋ ಎಂದು ಈಗ ಅನ್ನಿಸುತ್ತದೆ.

ಈ ಎಂಟು ತಿಂಗಳೂ ತಾಯಿಯವರು ಕಾಫಿ ತಂದಿಡುವಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಕಾವು ಕೂತಂಗೆ ಕೂತಿರ್ತೀಯಲ್ಲಪ್ಪಾ, ಇದ್ರಿಂದ ಏನು ಮರಿ ಆಗುತ್ತೆ?" ನಾನು ಕಾಫಿ ಕುಡಿದು ಲೋಟ ವಾಪಸು ಕೊಡುತ್ತಿದ್ದೆ. ಇದರ ಜೊತೆಗೆ, ಬೆಂಗಳೂರಿನ ತಂಡದ ವಿಜಯ್ ಎಂಬ ಮಹಾಶಯರು, ಅಂದರೆ ಡಬ್ಬದ ಜಾತಿಯವರು, ಅರ್ಧ ಕಟ್ಟಿದ್ದ ನನ್ನ ವಾಹನದ ಫೋಟೋ ನೋಡಿ ಗುಂಪಿನಲ್ಲಿ ಎಲ್ಲರೆದುರು, "ಏನ್ ಗುರು ಇದು, ಟ್ಯಾಂಕಾ ಕೋಳಿಗೂಡಾ?" ಎಂದು ಬರೆದರು. ಇಪ್ಪತ್ಮೂರು ಜನ ಅದಕ್ಕೆ ನಗುವ ಮುಖ ಒತ್ತಿದರು. ಅವರಲ್ಲಿ ತೌಹೀದನೂ ಒಬ್ಬ. ಬೆರಳು ಜಾರಿತು ಎಂದ. ಫೆಬ್ರವರಿಯ ಮೂರನೇ ಭಾನುವಾರ ಹೊಸಕೋಟೆಯ ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಅವರಿಗೂ ನಮಗೂ ಯುದ್ಧವೆಂದು ಗೊತ್ತಾಗಿತ್ತು. ಅಂದು ಗಂಡಭೇರುಂಡವನ್ನು ಬಾಳೆಎಲೆ ಹಾಸುವ ಆ ಮೇಜುಗಳ ಮೇಲೆ ಇಳಿಸಿ, ಇದು ಕೋಳಿಗೂಡಲ್ಲವೆಂದು ಆ ಇಪ್ಪತ್ಮೂರು ಜನರ ಕಣ್ಣೆದುರು ಸಾಬೀತು ಮಾಡುವುದೊಂದೇ ನನ್ನ ಜೀವನದ ಗುರಿಯಾಗಿತ್ತು. ನಗಬೇಡಿ, ಮಾನ್ಯರೇ, ಎಂಟು ತಿಂಗಳು ಕಟ್ಟಿದ್ದನ್ನು ಒಂದು ಸಾಲಿನಲ್ಲಿ ತಿಪ್ಪೆಗೆ ಹಾಕಿಸಿಕೊಂಡವನ ಹೊಟ್ಟೆಯುರಿ ತಮಗೆ ಗೊತ್ತಾಗದು.

ಈಗ ನನ್ನ ತಪ್ಪಿನ ವಿಷಯ. ದೂರಿನ ಪತ್ರದಲ್ಲಿ ಸ್ವಂತ ತಪ್ಪನ್ನು ಬರೆಯುವ ವಾಡಿಕೆಯಿಲ್ಲವಾದರೂ ತಮ್ಮೆದುರು ಸುಳ್ಳು ಹೇಳಲಾರೆ. ಯುದ್ಧಕ್ಕೆ ಮೂರು ವಾರ ಉಳಿದಿತ್ತು. ವಾಹನದ ಬಣ್ಣ ಒಣಗಲೆಂದು ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟಿದ್ದೆ. ಅದು ತಮ್ಮ ಅಜ್ಜಿಯ ಕಾಲದಿಂದಲೂ ಕೋಳಿ ಕೂರಿಸುವ ಮೂಲೆಯೆಂಬುದು ನನ್ನ ತಲೆಗೆ ಹೊಳೆಯಲಿಲ್ಲ. ತಾವು ಕಾವಿಗೆ ಬಂದು ಮೈಯುಬ್ಬಿಸಿಕೊಂಡು ಓಡಾಡುತ್ತಿದ್ದುದರಿಂದ, ಎಲ್ಲಿ ಕೂರಿಸಲಿ, ಎಷ್ಟು ಮೊಟ್ಟೆ ಇಡಲಿ ಎಂದು ತಾಯಿಯವರು ಒಂದು ವಾರದಿಂದ ನನ್ನ ಕಿವಿಯ ಬಳಿ ಹೇಳುತ್ತಲೇ ಇದ್ದರು, ನಾನು ಹೂಂಗುಟ್ಟುತ್ತಲೇ ಇದ್ದೆ. ಆ ಸೋಮವಾರ ಕಾರ್ಖಾನೆಗೆ ಬಂದ ಮೇಲೆ ನನ್ನ ಹನ್ನೊಂದು ಸೈನಿಕರನ್ನು ಹೊರಗೇ ಬಿಟ್ಟುಬಂದದ್ದು ನೆನಪಾಗಿ, ಯಂತ್ರಗಳ ಸದ್ದಿನ ನಡುವೆ ಮನೆಗೆ ಫೋನು ಮಾಡಿದೆ. "ಅಮ್ಮಾ, ಆ ಹನ್ನೊಂದನ್ನೂ ಗಾಡಿ ಒಳಗೆ ಕೂರಿಸ್ಬಿಡು. ಹೊರಗಿದ್ರೆ ಹಾಳಾಗ್ತವೆ. ಮುಚ್ಚಳ ಹಾಕ್ಬೇಡ, ಗಾಳಿ ಆಡ್ಲಿ" ಎಂದೆ. "ಸರಿ ಕಣಪ್ಪಾ, ಈಗ್ಲಾದ್ರೂ ಬಾಯ್ಬಿಟ್ಯಲ್ಲ" ಎಂದರು ಅವರು. ಕೊನೆಗೂ ನನ್ನ ಸೈನಿಕರ ಮೇಲೆ ತಾಯಿಗೆ ಅಕ್ಕರೆ ಬಂತಲ್ಲ ಎಂದು ನಾನು ಆ ಮಧ್ಯಾಹ್ನವೆಲ್ಲ ಸಂತೋಷದಲ್ಲಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದಾರೆ. ಮೊಟ್ಟೆಯ ವಿಷಯ ಅವರು ಹೇಳದೆ ಬಿಟ್ಟದ್ದು ದೊಡ್ಡ ಲೋಪ.

ಸಂಜೆ ಬಂದು ನೋಡಿದರೆ ಸೈನಿಕರು ಮೇಜಿನ ಮೇಲೆ ಧೂಳು ಕುಡಿಯುತ್ತಿದ್ದರು, ಸೈನಿಕರ ಕೋಣೆಯಲ್ಲಿ ಹುಲ್ಲಿನ ಹಾಸಿಗೆಯ ಮೇಲೆ ತಾವು ವಿರಾಜಮಾನರಾಗಿದ್ದಿರಿ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿತು ಎನ್ನುತ್ತಾರೆ. ಆದರೆ ಹಾವು ಕೂಡ ತಮ್ಮಷ್ಟು ಹಕ್ಕಿನಿಂದ ಕೂತಿರಲಾರದು. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಹುಲ್ಲಿನಲ್ಲಿ ಇದ್ದಿಲು, ಒಣಮೆಣಸಿನಕಾಯಿ, ಒಂದು ಕಬ್ಬಿಣದ ಚೂರು ಇಡುವ ಪದ್ಧತಿ ಸರಿಯೇ, ಆದರೆ ಆ ಕಬ್ಬಿಣದ ಚೂರು ನನ್ನ ಸೂಜಿಮೊನೆಯ ಚಿಮಟವಾಗಿತ್ತು. ಅದನ್ನು ತೆಗೆಯಲು ಕೈ ಹಾಕಿದಾಗಲೇ ಹೆಬ್ಬೆರಳಿನ ಘಟನೆ ನಡೆದದ್ದು. ತಮ್ಮ ಗುರಿ ಎಷ್ಟು ಕರಾರುವಾಕ್ಕಾಗಿತ್ತೆಂದರೆ, ನಮ್ಮ ಕಾರ್ಖಾನೆಯಲ್ಲಿ ಅಷ್ಟು ನಿಖರವಾಗಿ ತೂತು ಕೊರೆಯುವ ಯಂತ್ರ ಇನ್ನೂ ಬಂದಿಲ್ಲ.

ತಾಯಿಯವರಲ್ಲಿ ಮೊರೆಯಿಟ್ಟೆ. "ಕಾವು ಕೂತ ಕೋಳಿನ ಎಬ್ಬಿಸ್ಬಾರ್ದು ಕಣೋ, ಬಸ್ರಿ ಹೆಂಗಸನ್ನ ಮನೆಯಿಂದ ಆಚೆಗೆ ಹಾಕ್ದಂಗಾಗುತ್ತೆ. ಗಾಡಿ ಒಂದಿಷ್ಟು ಅಲ್ಲಾಡಿದ್ರೂ ಮೊಟ್ಟೆ ಕೆಡ್ತವೆ. ನೀನೇ ತಾನೇ ಹೇಳಿದ್ದು?" ಎಂದು ಒಂದೇ ಉಸಿರಿಗೆ ತೀರ್ಪು ಕೊಟ್ಟರು, ಮೇಲ್ಮನವಿಗೆ ಅವಕಾಶವಿರಲಿಲ್ಲ. ಇಪ್ಪತ್ತೊಂದು ದಿನ ಎಣಿಸಿದೆ; ಮರಿಯಾಗುವುದು ಸೋಮವಾರ, ಯುದ್ಧ ಹಿಂದಿನ ದಿನ ಭಾನುವಾರ. ಒಂದೇ ಒಂದು ದಿನ ಮುಂಚಿತವಾಗಿ ಮರಿ ಮಾಡಿಕೊಡಬೇಕೆಂದು ಆಗ ತಮ್ಮ ಮುಂದೆ ಮಂಡಿಯೂರಿ ಕೇಳಿಕೊಂಡದ್ದು ನೆನಪಿರಬಹುದು. ತಾವು ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣಿನಲ್ಲಿ ನನ್ನನ್ನು ನೋಡಿದಿರಿ, ಅಷ್ಟೇ. ಈ ಗಟ್ಟಿತನಕ್ಕೆ ನಾನು ತಲೆಬಾಗುತ್ತೇನೆ. ಎಷ್ಟೋ ಕಚೇರಿಗಳಲ್ಲಿ ಅರ್ಜಿ ಹಿಡಿದು ನಿಂತಿದ್ದೇನೆ, ಇಷ್ಟು ಕಡಿಮೆ ಶ್ರಮದಲ್ಲಿ ಯಾರೂ ನನ್ನನ್ನು ವಾಪಸು ಕಳಿಸಿಲ್ಲ.

ಕೈಚೆಲ್ಲಿ ಕೂತಿದ್ದಾಗ ತೌಹೀದ್ ಬಂದು, "ಗಾಡಿ ಯುದ್ಧಕ್ಕೆ ಬರಕ್ಕಾಗಲ್ಲ ಅಂದ್ರೆ ಯುದ್ಧನೇ ಗಾಡಿ ಹತ್ರ ಬರ್ಲಿ ಬಿಡು ಗುರು" ಎಂದ. ಬೆಂಗಳೂರಿನವರನ್ನು ಬೂದಿಗೆರೆಯ ಕೊಟ್ಟಿಗೆಗೆ ಎಳೆದು ತರುವ ಉಪಾಯವೂ ಅವನದೇ: ಯುದ್ಧದ ನಂತರ ನಾಟಿ ಕೋಳಿ ಸಾರು, ರಾಗಿಮುದ್ದೆ ಎಂದು ಗುಂಪಿನಲ್ಲಿ ಹಾಕಿದ. ಕೋಳಿಯನ್ನು ಕೇಳಿ ಮಸಾಲೆ ಅರೆಯುವ ಪದ್ಧತಿ ಲೋಕದಲ್ಲಿಲ್ಲವಾದ್ದರಿಂದ ತಮ್ಮನ್ನು ಕೇಳಲಿಲ್ಲ. ಅರ್ಧ ಗಂಟೆಯಲ್ಲಿ ಒಂಬತ್ತು ಜನ ಬರುತ್ತೇವೆಂದರು. ಆದರೆ ತಾಯಿಯವರು, ಕೋಳಿ ಕಾವು ಕೂತಿರುವ ಮನೆಯಲ್ಲಿ ಕೋಳಿ ಕುಯ್ಯುವುದಿಲ್ಲವೆಂದು ಸಾರಿ, ಅಂದು ಎಲ್ಲರಿಗೂ ಅವರೆಕಾಳಿನ ಸಾರು ಬಡಿಸಿದರು. ತಮ್ಮ ಮರ್ಯಾದೆಗೆ ಒಂಬತ್ತು ಜನ ನಗರವಾಸಿಗಳ ಶಾಪ ತಗುಲಿದೆಯೆಂದು ಈ ಮೂಲಕ ತಿಳಿಯಪಡಿಸುತ್ತೇನೆ.

ಯುದ್ಧದ ವರದಿಯನ್ನು ಹೇಗೆ ಬರೆಯಲಿ? ವಾಹನವನ್ನು ಅಲುಗಿಸುವಂತಿಲ್ಲವಾದ್ದರಿಂದ ರಾಗಿ ಒಣಗಿಸುವ ಟಾರ್ಪಾಲನ್ನು ಅದರ ಸುತ್ತ ನೆಲದ ಮೇಲೆ ಹಾಸಿ, ಇಟ್ಟಿಗೆ ಪುಡಿ ಮತ್ತು ಮರಳು ಸುರಿದು, ಕೆಂಪು ಧೂಳಿನ ಅಂಗಾರಕ ಗ್ರಹವನ್ನೇ ಕೊಟ್ಟಿಗೆಯಲ್ಲಿ ಇಳಿಸಿದೆವು. ಗಂಡಭೇರುಂಡದ ಗುಮ್ಮಟದ ಚೆಂಡು ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ. ತೌಹೀದನ ಜೇಬು ತಡಕಿದೆ, ಅವನು ಎರಡು ಗಂಟೆ ನನ್ನೊಡನೆ ಮಾತು ಬಿಟ್ಟ. ಗುಮ್ಮಟವಿಲ್ಲದೆ ಫಿರಂಗಿ ಹಾರಿಸುವಂತಿಲ್ಲವೆಂದು ತೀರ್ಪುಗಾರ್ತಿ ಸಂಘಮಿತ್ರ ನಿಯಮ ತೋರಿಸಿದರು. ದೇವನಹಳ್ಳಿಯ ಆಕೆ ಬಲು ಖಡಕ್. ಹೀಗೆ ಬಾಯಿ ಕಟ್ಟಿದ ಗಂಡಭೇರುಂಡ, ಒಳಗೆ ಕಣ್ಣು ಮುಚ್ಚಿದ ತಾವು, ಎದುರಿಗೆ ಜೋಳದ ಕಾಳಿನ ಬಣ್ಣದ ಮೂವತ್ತು ಸೈನಿಕರನ್ನೂ ವಿದೇಶದಿಂದ ಡಬ್ಬದಲ್ಲಿ ಬಂದ ಮಹಾವಾಹನವನ್ನೂ ನಿಲ್ಲಿಸಿಕೊಂಡ ವಿಜಯ್. ಎರಡು ಸುತ್ತಿನಲ್ಲಿ ನನ್ನ ಹನ್ನೊಂದರಲ್ಲಿ ಒಂಬತ್ತು ಜನ ಸತ್ತರು.

ಮೂರನೇ ಸುತ್ತಿನಲ್ಲಿ, ದಿನಕ್ಕೊಮ್ಮೆ ಹತ್ತು ನಿಮಿಷ ಹೊರಗೆ ಬಂದು ಹೋಗುವ ತಮ್ಮ ಹೊತ್ತಾಯಿತು. ಎಂಟು ತಿಂಗಳಿಂದ ನಾನು ಎಣ್ಣೆ ಬಿಟ್ಟು ಬೇಡಿಕೊಂಡರೂ ತೆರೆಯದ ಹಿಂಬದಿಯ ಇಳಿಜಾರು ಬಾಗಿಲನ್ನು ತಾವು ಎದೆಯಿಂದ ಒಂದೇ ಸಲ ನೂಕಿ ಇಳಿದಿರಿ. ಜೋಳವೆಂದು ತಿಳಿದು ಏಳು ಸೈನಿಕರನ್ನು ಕುಕ್ಕಿ, ಅಲ್ಲವೆಂದು ಗೊತ್ತಾಗಿ ಕೋಪದಿಂದ ಉಳಿದವರನ್ನು ಎರಡೂ ಕಾಲಿನಿಂದ ಹಿಂದಕ್ಕೆ ಕೆರೆದು ಗೋಡೆಗೆ ಹೊಡೆದಿರಿ, ಆಮೇಲೆ ಗ್ರಹದ ನಟ್ಟನಡುವೆ ಮಲಗಿ ರೆಕ್ಕೆ ಬಿಚ್ಚಿ ಧೂಳುಸ್ನಾನ ಮಾಡಿದಿರಿ. ಬದುಕಿದ್ದ ನನ್ನ ಇಬ್ಬರೂ ಆ ಧೂಳಿನಲ್ಲಿ ಹೂತುಹೋದರು. ವಿಜಯ್ ಅವರ ಮಹಾವಾಹನದ ನೆತ್ತಿಯ ಮೇಲೆ ನಿಂತು, ಇಡೀ ದಿನದ ಸಂಯಮವನ್ನು ತಾವು ಸಡಿಲಿಸಿದ್ದನ್ನು ಮಾತ್ರ ಸಭ್ಯತೆಯ ದೃಷ್ಟಿಯಿಂದ ಇಲ್ಲಿ ವಿವರಿಸುವುದಿಲ್ಲ. ಅದನ್ನು ಬಕೆಟ್ ನೀರು ತಂದು ತೊಳೆಯಬೇಕಾಯಿತು.

ಸಂಘಮಿತ್ರ ನಿಯಮದ ಪುಸ್ತಕವನ್ನು ಎರಡು ಸಲ ತಿರುವಿ ಹಾಕಿ ಬರೆದ ತೀರ್ಪು ಹೀಗಿದೆ: "ಗ್ರಹದ ಸ್ಥಳೀಯ ಜೀವಿಯೊಂದು ಪ್ರತ್ಯಕ್ಷವಾಗಿ ಎರಡೂ ಸೈನ್ಯಗಳನ್ನು ನಾಶಪಡಿಸಿದೆ. ಗೆಲುವು ಸ್ಥಳೀಯರದ್ದು." ಆ ಗೆಲುವಿನಲ್ಲಿ ನನ್ನ ಹೆಸರಿಲ್ಲ. ಹೊರಡುವಾಗ ವಿಜಯ್ ನನ್ನ ಹೆಗಲ ಮೇಲೆ ಕೈಯಿಟ್ಟು, "ಕೋಳಿಗೂಡು ಅಂದಿದ್ದು ತಪ್ಪಾಯ್ತು ಗುರು. ಇದು ಕೋಳಿ ಡ್ಯೂಪ್ಲೆಕ್ಸು" ಎಂದರು. ಈ ಸಲ ಮೂವತ್ತೊಂದು ಜನ ನಗುವ ಮುಖ ಒತ್ತಿದ್ದಾರೆ.

ಮರುದಿನ ಸೋಮವಾರ, ಒಂದು ನಿಮಿಷವೂ ತಡಮಾಡದೆ, 'ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು' ಎಂಬ ದೊಡ್ಡಕ್ಷರದ ಕೆಳಗೆ, ಕೈಮುಗಿದು ನಗುವ ಮುಖಂಡರ ಸಮ್ಮುಖದಲ್ಲಿ ತಮ್ಮ ಮರಿಗಳು ಒಂದೊಂದಾಗಿ ಮೊಟ್ಟೆಯೊಡೆದು ಹೊರಗೆ ಬಂದವು. ಆ ಬೋರ್ಡು ಅಚ್ಚಾದಂದಿನಿಂದ ಅದರ ಮೇಲಿನ ಮಾತು ನಿಜವಾದದ್ದು ಅಂದೇ ಮೊದಲಿರಬೇಕು. ಹತ್ತು ಮರಿ. ಬಾಣಂತನ ಮುಗಿಸಿ ತಾವು ಮನೆ ಖಾಲಿ ಮಾಡುತ್ತೀರೆಂದು ಕಾದೆ. ತಾವು ಹಗಲೆಲ್ಲ ಮಕ್ಕಳಿಗೆ ತಿಪ್ಪೆ ತೋರಿಸಿ ತಂದು, ಮತ್ತೆ ಮತ್ತೆ ಹೋಗಿ ಅಲ್ಲೇ ಕೂತಿರಿ. ಹನ್ನೊಂದನೆಯದು ಇನ್ನೂ ಒಡೆದಿರಲಿಲ್ಲ.

ತಾಯಿಯವರು ಅದನ್ನು ತೆಗೆದು ಕಿವಿಯ ಬಳಿ ಅಲ್ಲಾಡಿಸಿ, ಗೊಡ್ಡು ಮೊಟ್ಟೆ, ಆದರೆ ಯಾಕೋ ಬಹಳ ಹಗುರವಾಗಿದೆ ಎಂದು ನನ್ನ ಕೈಗೆ ಕೊಟ್ಟರು. ಅದರ ಹೊಟ್ಟೆಯ ಮೇಲೆ ಸಾಲಾಗಿ ಮೂರು ನಕ್ಷತ್ರಗಳಿದ್ದವು. ಬಿಡಿಭಾಗಗಳು ಕಳೆಯದಿರಲೆಂದು ನಾನು ಅವನ್ನೆಲ್ಲ ಮೊಟ್ಟೆಯ ಟ್ರೇಯಲ್ಲಿ ಜೋಡಿಸಿಡುವ ಶಿಸ್ತಿನವನು. "ನಮ್ಮತ್ರ ಹತ್ತೇ ಇದ್ವು ಕಣಪ್ಪಾ. ಜೋಡಿ ಸಂಖ್ಯೆ ಇಡಬಾರ್ದು, ನೀನು ಬೇರೆ ಹನ್ನೊಂದು ಅಂದೆ. ನಿನ್ ಟ್ರೇಲಿ ಒಂದಿತ್ತಲ್ಲ, ಅದ್ನೂ ಸೇರಿಸ್ದೆ" ಎಂದರು ತಾಯಿಯವರು, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ. ನನ್ನ ಫಿರಂಗಿಯ ಗುಮ್ಮಟಕ್ಕೆ ತಾವು ಇಪ್ಪತ್ತೊಂದು ದಿನ ಕಾವು ಕೊಟ್ಟಿದ್ದಿರಿ. ನಾನು ಅಲ್ಲಿ ನಿಂತಿರುವಾಗಲೇ ತಾವು ಬಂದು ನನ್ನ ಕಾಲು ಕುಕ್ಕಿ ಗಲಾಟೆಯೆಬ್ಬಿಸಿದ್ದರಿಂದ, ತಾಯಿಯವರು ಅದನ್ನು ಮತ್ತೆ ತಮ್ಮ ಕೆಳಗೇ ಇಟ್ಟುಬಿಟ್ಟರು.

ಆದ್ದರಿಂದ ಈ ಮನವಿ. ಬರುವ ತಿಂಗಳು ದೇವನಹಳ್ಳಿಯಲ್ಲಿ ಮರುಯುದ್ಧವಿದೆ, ಗುಮ್ಮಟವೂ ವಾಹನವೂ ನನಗೆ ಬೇಕು. ದಯಮಾಡಿ ತಾವು ಮಕ್ಕಳೊಂದಿಗೆ ಮಂಕರಿ ಬುಟ್ಟಿಗೆ ಸ್ಥಳಾಂತರಗೊಳ್ಳಬೇಕು. ಅದು ಸಾಧ್ಯವಿಲ್ಲವಾದರೆ ಚೆಂಡು ಯಾವ ದಿನ ಮರಿಯಾಗುತ್ತದೆಂದು ಬರವಣಿಗೆಯಲ್ಲಿ ತಿಳಿಸಬೇಕು. ಆದ ಮರಿಗೆ ಮೂರು ನಕ್ಷತ್ರವಿರುವುದರಿಂದ ಅದನ್ನು ನೇರವಾಗಿ ಕ್ಯಾಪ್ಟನ್ ಹುದ್ದೆಗೆ ತೆಗೆದುಕೊಳ್ಳುತ್ತೇನೆ. ಅದೂ ಆಗದಿದ್ದರೆ ತಾವೇ ವಾಹನದ ಸಾರಥಿಯಾಗಿ ದೇವನಹಳ್ಳಿಗೆ ದಯಮಾಡಿಸಬೇಕು. ತೌಹೀದ್ ತಮ್ಮ ಅಳತೆಗೆ ಒಂದು ಶಿರಸ್ತ್ರಾಣ ಮಾಡುತ್ತಿದ್ದಾನೆ, ಜುಟ್ಟಿಗೆ ಜಾಗ ಬಿಟ್ಟಿದ್ದಾನೆ.

ಇಷ್ಟೆಲ್ಲ ಯಾಕೆ, ತಾವು ಹೊರಗೆ ಹೋದಾಗ ಎತ್ತಿಕೊಂಡರೆ ಮುಗಿಯಿತಲ್ಲ ಎಂದು ಓದಿದವರು ಕೇಳಬಹುದು. ನಿನ್ನೆ ಬೆಳಿಗ್ಗೆ ಅದನ್ನೇ ಮಾಡಲು ಹೋಗಿದ್ದೆ. ತಾವು ತಿಪ್ಪೆಯ ಮೇಲಿದ್ದಿರಿ. ಕೈ ಹಾಕಿ ಚೆಂಡನ್ನು ಎತ್ತಿಕೊಂಡೆ. ಅದು ಬೆಚ್ಚಗಿತ್ತು. ಎಂಟು ತಿಂಗಳು ನಾನು ಕೈಯಲ್ಲಿ ಹಿಡಿದು ಉಜ್ಜಿ, ತೂತು ಕೊರೆದು, ಅಳೆದು ನೋಡಿದ ಚೆಂಡು ಅದು, ನನ್ನ ಕೈಯಲ್ಲಿ ಒಂದು ದಿನವೂ ಬೆಚ್ಚಗಾಗಿರಲಿಲ್ಲ. ಏನು ಮರಿ ಆಗುತ್ತೆ ಎಂದು ತಾಯಿ ನನ್ನನ್ನು ಕೇಳಿದ ಹಾಗೆ ತಮ್ಮನ್ನು ಯಾರೂ ಕೇಳಲಿಲ್ಲ, ಕೇಳಿದ್ದರೂ ತಾವು ಏಳುತ್ತಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು, ಸ್ವಲ್ಪ ಅಳುವೂ ಬಂತು. ಇದ್ದಲ್ಲೇ ಇಟ್ಟು, ಮೇಲೆ ಹುಲ್ಲು ಸರಿಮಾಡಿ ಬಂದೆ. ಬಾಗಿಲಲ್ಲಿ ತಾಯಿಯವರು ನಿಂತಿದ್ದರು, ಏನೂ ಕೇಳದೆ ಕಾಫಿ ಕೊಟ್ಟರು.

ಬೇರೆ ಚೆಂಡು ಹುಡುಕುತ್ತಿದ್ದೇನೆ. ತಮ್ಮ ಉತ್ತರವನ್ನು, ಹೆಬ್ಬೆರಳಿಗಲ್ಲದೆ ಬೇರೆ ಯಾವುದಾದರೂ ರೂಪದಲ್ಲಿ, ಎದುರು ನೋಡುತ್ತಾ,

ತಮ್ಮ ವಿಶ್ವಾಸಿ, ತಮ್ಮಂತೆಯೇ ಕಾವು ಕೂತು ಇನ್ನೂ ಏಳದ,
ವೇಣುಗೋಪಾಲ್

ತಾ.ಕ.: ಇನ್ನು ಮೂರು ವಾರಕ್ಕೆ ಯುಗಾದಿ, ಅದರ ಮರುದಿನ ಹೊಸತೊಡಕು. ಆ ದಿನ ನಮ್ಮ ಸೀಮೆಯ ಒಲೆಗಳ ಮೇಲೆ ಏನು ಬೇಯುತ್ತದೆಂಬುದು ತಮ್ಮ ಕುಲಕ್ಕೆ ತಿಳಿಯದ್ದೇನಲ್ಲ. ಬಾಣಂತಿಯೆಂದು ತಾಯಿಯವರು ತಮ್ಮ ಹೆಸರನ್ನು ಕೈಬಿಟ್ಟಿದ್ದಾರೆ. ಆದರೆ ಬೆಂಗಳೂರಿನ ಆ ಒಂಬತ್ತು ಜನ, ಅವರೆಕಾಳಿನ ಬಾಕಿ ತೀರಿಸಿಕೊಳ್ಳಲು, ಅಂದು ಮತ್ತೆ ಬರುತ್ತಿದ್ದಾರೆ. ತಮ್ಮ ಯಜಮಾನರಾದ ಹುಂಜರಾಯರು ಬೆಳಗಾಗುವುದು ತಮ್ಮ ಕೂಗಿನಿಂದಲೇ ಎಂದು ನಂಬಿ ದಿನಾ ನನ್ನ ಕಿಟಕಿಯ ಕೆಳಗೇ ನಿಂತು ಕೂಗುತ್ತಾರೆ. ಚಿಮಟವನ್ನಾದರೂ ವಾಪಸು ಕೊಟ್ಟರೆ ಅವರ ಪರವಾಗಿ ಒಂದು ಮಾತು ಹೇಳಿ ನೋಡುತ್ತೇನೆ.